ಭೂಸುಧಾರಣೆಯ ಪಾಠವನ್ನು ನಾನು ಮಾಡುವ ರೀತಿ

ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಪುಸ್ತಕದಲ್ಲಿರುವ ಭೂಸುಧಾರಣೆಯ ಸಾಲುಗಳನ್ನು ಓದಿಸಿ, ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಹೆಸರು ಬರೆಸಿ ಮುಂದೆ ಹೋಗಬಹುದು. ನನಗೆ ಅದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಮಕ್ಕಳು ದಿನಾ ನಡೆದು ಬರುವ ಕಟ್ಟಪುಣಿಯ (ಗದ್ದೆಯ ಬದು) ಎರಡೂ ಬದಿಯ ಗದ್ದೆಗಳ ಕತೆ ಅದು, ಅಲ್ವಾ?

ಪಾಠಕ್ಕೆ ಮೊದಲೇ ಒಂದು ಕೆಲಸ ಕೊಡುತ್ತೇನೆ. ಮನೆಯ ಅಥವಾ ನೆರೆಮನೆಯ ಹಿರಿಯರ ಹತ್ತಿರ ಕೂತು ಕೇಳಬೇಕು: ಗೇಣಿ (ಗದ್ದೆಗೆ ಧಣಿಗೆ ಕೊಡುವ ಪಾಲು) ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ? ಯಾರು ಹೊತ್ತುಕೊಂಡು ಹೋಗುತ್ತಿದ್ದರು? ಬೆಳೆ ಹಾಳಾದ ವರ್ಷ ಏನು ಮಾಡಿದರು? ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ ಎನ್ನುತ್ತೇನೆ. ತುಳುವಿನಲ್ಲಿ, ಕೊಂಕಣಿಯಲ್ಲಿ, ಕುಂದಾಪ್ರ ಕನ್ನಡದಲ್ಲಿ, ಯಾವುದರಲ್ಲಾದರೂ ಕೇಳಲಿ. ಬರೆಯುವಾಗ ಹಿರಿಯರ ಮಾತನ್ನು ತಿದ್ದಬಾರದು. ‘ನೆರೆಮನೆ’ ಎಂದು ಸೇರಿಸುವುದು ಬೇಕೆಂದೇ. ತನ್ನ ಮನೆಯ ಸಂಗತಿ ಹೇಳಲು ಇಷ್ಟವಿಲ್ಲದ ಮಗುವಿಗೆ ಒಂದು ದಾರಿ ಇರಬೇಕು.

ಕ್ಲಾಸಿನಲ್ಲಿ ಮೊದಲು ಮೂಲಗೇಣಿ, ಚಾಲಗೇಣಿ ಬಿಡಿಸಿ ಹೇಳುತ್ತೇನೆ. ಮೂಲಗೇಣಿಯವರಿಗೆ ಗೇಣಿ ಕಾಯಂ, ಜಾಗವೂ ಕಾಯಂ. ಚಾಲಗೇಣಿಯವರನ್ನು ಏಳಿಸಬಹುದಿತ್ತು, ಗೇಣಿ ಏರಿಸಬಹುದಿತ್ತು. ಇಷ್ಟು ತಿಳಿದ ಮೇಲೆ ಕಾನೂನು ಸಲೀಸು. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿತು. ಅದರ ಒಡೆತನಕ್ಕಾಗಿ ಒಕ್ಕಲು (ಗೇಣಿದಾರ) 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು, ಭೂನ್ಯಾಯ ಮಂಡಳಿ ತೀರ್ಮಾನಿಸಬೇಕಿತ್ತು. ಆ ಕಾನೂನಿನ ಪ್ರಕಾರ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಇದು ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಓದು ಬಾರದ ಅಜ್ಜ ತನ್ನ ಮಾತು ತಾನೇ ಆಡಬೇಕಾಯಿತಲ್ಲ ಎಂದು ಚರ್ಚೆ ಶುರುವಾಗುತ್ತದೆ.

ಆಮೇಲೆ ಕಾಗದ. ಹೆಸರು, ಸರ್ವೆ ನಂಬರ್ ಮುಚ್ಚಿ ಜೆರಾಕ್ಸ್ ಮಾಡಿದ ಮಂಡಳಿಯ ಹಳೆಯ ಆದೇಶ ಒಂದು, ಈಗಿನ ಆರ್‌ಟಿಸಿ (ಪಹಣಿ) ಒಂದು. ಆರ್‌ಟಿಸಿಯ 9ನೇ ಕಾಲಂನಲ್ಲಿ ಒಡೆತನ, 10ರಲ್ಲಿ ಅದು ಬಂದ ರೀತಿ, 12ರಲ್ಲಿ ಸಾಗುವಳಿದಾರ. ‘ಹಳೆಯದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಅಂತ ಯಾಕಿದೆ?’ ಎಂದು ಕೇಳುತ್ತೇನೆ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಕಾಗದ ಅದಕ್ಕಿಂತ ಹಿಂದಿನದ್ದು ಎಂದು ಅವರೇ ಹೇಳುತ್ತಾರೆ. ದಾಖಲೆಯ ಕಾಲ ಗುರುತಿಸುವುದನ್ನು ಕಲಿತಾಯಿತು.

ಕಷ್ಟದ ಭಾಗ ಬರುವುದು ಮಕ್ಕಳು ತಾವು ಬರೆದದ್ದನ್ನು ಓದುವಾಗ. ಒಮ್ಮೆ ಒಬ್ಬ ಹುಡುಗ, ತನ್ನ ಅಜ್ಜ ಮೊದಲ ಸಲ ಗೇಣಿ ಕೊಡದೆ ಅಕ್ಕಿಯನ್ನು ಮನೆಯಲ್ಲೇ ಉಳಿಸಿಕೊಂಡ ವರ್ಷದ ಬಗ್ಗೆ ಓದಿದ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ನಮ್ಮ ಮುತ್ತಜ್ಜಿ ವಿಧವೆ ಸರ್, ಗೇಣಿ ಅಕ್ಕಿಯಲ್ಲೇ ಮನೆ ನಡೀತಿತ್ತು’ ಎಂದಳು. ಯಾರದ್ದು ಸರಿ ಎಂದು ನಾನು ಹೇಳಲಿಲ್ಲ. ಎರಡನ್ನೂ ಬೋರ್ಡಿನಲ್ಲಿ ಬರೆದು, ಈ ಇಬ್ಬರು ಹಿರಿಯರಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲದ್ದು ಯಾವುದು ಎಂದು ಕೇಳಿದೆ. ಆಗ ಮೂರನೆಯ ಮಗು ಮಾತಾಡಿತು: ‘ನಮ್ಮ ಅಜ್ಜಿ ಎರಡೂ ಮನೆಗೆ ನೇಜಿ (ಭತ್ತದ ಸಸಿ) ನೆಡಲು ಹೋಗ್ತಿದ್ದರು. ನಮಗೆ ಗದ್ದೆ ಬರಲಿಲ್ಲ.’

ನನ್ನ ಮಟ್ಟಿಗೆ ಇಡೀ ಪಾಠದ ತಿರುಳು ಈ ಮೂರನೆಯ ಮಾತು. ಭೂಮಿಯ ಹಕ್ಕು ಸಿಕ್ಕಿದ್ದು ಗೇಣಿದಾರನಿಗೆ. ಕೂಲಿಯಾಳಿಗೆ ಅದೇ ಕಾಯ್ದೆ ವಾಸದ ಮನೆಯ ಹಕ್ಕು ಕೊಟ್ಟಿತು, ಗದ್ದೆಯದ್ದಲ್ಲ. ನೇಜಿ ನೆಟ್ಟವರ ಮನೆಯ ಮಗುವೂ ಕ್ಲಾಸಿನಲ್ಲಿ ಕೂತಿರುವಾಗ ‘ಉಳುವವನೇ ಒಡೆಯ’ ಎಂಬ ಘೋಷಣೆಯನ್ನಷ್ಟೇ ಬಾಯಿಪಾಠ ಮಾಡಿಸುವುದು ಅನ್ಯಾಯ. ಆದರೆ ಆ ಕಾನೂನು ಸಣ್ಣದು ಎಂದೂ ಹೇಳಬಾರದು. ಎಷ್ಟೋ ಮನೆಯ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದು ಆ ಗದ್ದೆಯ ಬಲದಿಂದಲೇ.

ಒಂದು ಎಚ್ಚರಿಕೆ. ಧಣಿಯ ಹೆಸರು, ಜಾತಿ ಕ್ಲಾಸಿನಲ್ಲಿ ಬೇಡವೇ ಬೇಡ. ಊರು ಚಿಕ್ಕದು, ಸಂಜೆಯೊಳಗೆ ಮಾತು ಆ ಮನೆಗೆ ಮುಟ್ಟುತ್ತದೆ.

ಸಮಯ ಸಾಕಾಗುತ್ತದಾ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದೆರಡು ಪೀರಿಯಡ್ ಜಾಸ್ತಿ ಬೇಕು, ನಿಜ. ಈ ಬರಹಗಳನ್ನು ಆಂತರಿಕ ಅಂಕಗಳ ಚಟುವಟಿಕೆಯಾಗಿ ತಗೊಳ್ಳುತ್ತೇನೆ, ಬೇರೆ ಪ್ರಾಜೆಕ್ಟ್ ಕೊಡುವುದಿಲ್ಲ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಹಾಗಾಗಿ ಹೆಸರು ತೆಗೆದ ಬರಹಗಳ ಒಂದೊಂದು ಪ್ರತಿಯನ್ನು ಶಾಲೆಯ ಲೈಬ್ರರಿಯ ಫೈಲಿನಲ್ಲಿ ಇಡುತ್ತಿದ್ದೇನೆ. ಕೇಳಲು ಹಿರಿಯರು ಸಿಗದ ಮಕ್ಕಳಿಗೆ ಈಗ ಅದನ್ನೇ ಓದಲು ಕೊಡುತ್ತೇನೆ.