ನಂದಿ ಬೆಟ್ಟದ ತಪ್ಪಲಲ್ಲಿ ಕಾಯಿ ಕಚ್ಚಿದ ಪತ್ಥರ್‌ನಾಖ್ ಬೇರಿಕಾಯಿ

ಚಿಕ್ಕಬಳ್ಳಾಪುರದ ಬಯಲಲ್ಲಿ ಪಂಜಾಬಿನ ಬೇರಿಕಾಯಿ ಗಿಡ ಬೆಳೆಯುತ್ತೆ, ಕಾಯಿ ಕಚ್ಚಲ್ಲ ಅಂತಲೇ ಎಲ್ಲರೂ ಹೇಳಿದ್ದು. ಈ ಸಲ ಅರ್ಧ ಎಕರೆಯ ಅರವತ್ತು ಚಿಲ್ಲರೆ ಮರಗಳಲ್ಲಿ ಹೆಚ್ಚುಕಡಿಮೆ ಒಂದೂವರೆ ಟನ್ ಕಿತ್ತಿದ್ದೇನೆ. ನಮ್ಮ ಸುತ್ತಮುತ್ತ ಬೇರೆ ಯಾರೂ ಇಷ್ಟು ತೆಗೆದಿದ್ದು ನಾನು ನೋಡಿಲ್ಲ.

ತಳಿ ಪತ್ಥರ್‌ನಾಖ್, ಕೈಂಥ್ ಅನ್ನೋ ಕಾಡು ಬೇರಿಕಾಯಿಯ ಬೇರಿನ ಮೇಲೆ ಕಸಿ. ಹೂ ಬಿಡೋಕೆ ಇದಕ್ಕೆ ಚಳಿಗಾಲದಲ್ಲಿ ಒಟ್ಟು ಸುಮಾರು 150 ಗಂಟೆ ಕೊರೆಯುವ ಚಳಿ ಬೇಕು, ನಮ್ಮಲ್ಲಿ ಅದೂ ಸಿಗಲ್ಲ.

ಮೊದಲ ಕಂತಿನಲ್ಲಿ ದುಡ್ಡು ಮಣ್ಣುಪಾಲಾಯ್ತು. ಬೇರಿಗೆ ಮಣ್ಣಿಲ್ಲದೆ ಲಾರಿಯಲ್ಲಿ ಬಂದ ಸಸಿಗಳು ಫೆಬ್ರವರಿ ಕೊನೆಗೆ ಕೈಸೇರುವಷ್ಟರಲ್ಲಿ ಒಣಗಿದ್ದವು. ಬಾಡಿಗೆ ಸೇರಿ ಗಿಡಕ್ಕೆ ₹200ರ ಹತ್ತಿರ ಬಿದ್ದಿತ್ತು, ಮುಕ್ಕಾಲು ಪಾಲು ಸತ್ತವು. ನರ್ಸರಿಯವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಎರಡನೇ ಕಂತನ್ನು ಜನವರಿ ಮೊದಲಲ್ಲೇ, ಒದ್ದೆ ಗೋಣಿ ಸುತ್ತಿಸಿ ತರಿಸಿದೆ.

ನಾಲ್ಕು ವರ್ಷ ಪೊರಕೆ ನಿಲ್ಲಿಸಿದ ಹಾಗೆ ಮೇಲಕ್ಕೇ ಹೋದವು, ಹೂವಿಲ್ಲ. ಕಿತ್ತು ದ್ರಾಕ್ಷಿ ಹಾಕು ಅಂದರು ಪಕ್ಕದ ತೋಟದವರು. ನಾನು ಕತ್ತರಿ ಮುಟ್ಟಲಿಲ್ಲ, ಕತ್ತರಿಸಿದಷ್ಟೂ ಚಿಗುರೇ ಬರೋದು. ಮಳೆಗಾಲದ ಕೊನೆಗೆ, ಕೊಂಬೆ ಇನ್ನೂ ಬಳುಕುವಾಗ, ಗೂಟ ಹೊಡೆದು ಸೆಣಬಿನ ಹಗ್ಗದಲ್ಲಿ ಅಡ್ಡಕ್ಕೆ ಎಳೆದು ಕಟ್ಟಿದೆ. ಆಮೇಲೆ ನೋಡಿ, ಬಗ್ಗಿದ ಕೊಂಬೆಯ ಬೆನ್ನ ಮೇಲೆ ಗಿಡ್ಡನೆಯ, ಸುಕ್ಕುಗಟ್ಟಿದ ಕಿರುಗೊಂಬೆಗಳು ಎದ್ದವು, ತುದಿಯಲ್ಲಿ ದಪ್ಪ ಮೊಗ್ಗು. ಕಾಯಿ ಬರೋದು ಅಲ್ಲೇ. ಅವನ್ನು ಮುರಿದುಕೊಂಡರೆ ಬೆಳೆ ಹೋಯ್ತು ಅಂತಲೇ ಲೆಕ್ಕ, ಕೀಳುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ಚಳಿ ಮಾಡಬೇಕಾದ ಕೆಲಸವನ್ನು, ಅಂದರೆ ಮರಕ್ಕೆ ವಿಶ್ರಾಂತಿ ಕೊಟ್ಟು ಹೂವಿಗೆ ಎಬ್ಬಿಸೋದನ್ನು, ನೀರು ನಿಲ್ಲಿಸಿ ಮಾಡಿಸಿದೆ. ನವೆಂಬರಿನಲ್ಲಿ ಡ್ರಿಪ್ ಬಂದ್, ಡಿಸೆಂಬರಿನಲ್ಲಿ ಎಲೆ ಪೂರ್ತಿ ಕೈಯಲ್ಲೇ ಕೀಳಿಸೋದು. ಕೂಲಿಯೇ ₹8,000 ದಾಟುತ್ತೆ. ಎಲೆ ಉದುರಿಸುವ ಒಂದು ಸಿಂಪರಣೆಯೂ ಈಗ ಕೈಗೂಡಿದೆ, ಅದರ ಅಳತೆ ಸದ್ಯಕ್ಕೆ ನನ್ನಲ್ಲೇ ಇರಲಿ. ಜನವರಿಯಲ್ಲಿ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಫೆಬ್ರವರಿಗೆ ತೋಟವೆಲ್ಲ ಬಿಳಿ ಹೂವು.

ದ್ರಾಕ್ಷಿಗೆ ಪ್ರೂನಿಂಗ್ ಆದಮೇಲೆ ಮೊಗ್ಗು ಒಡೆಯಲಿ ಅಂತ ಹಚ್ಚುವ ಡಾರ್ಮೆಕ್ಸ್ ಔಷಧಿಯನ್ನೂ ಒಂದೆರಡು ಮರಕ್ಕೆ ಹಚ್ಚಿ ನೋಡಿದೆ. ಹೂವು ವಾರ ಮುಂಚೆ ಬಂತು ನಿಜ, ಆದರೆ ಅರ್ಧಕ್ಕರ್ಧ ಮೊಗ್ಗು ಸುಟ್ಟವು. ದ್ರಾಕ್ಷಿಗೆ ಹಚ್ಚುವ ಪ್ರಮಾಣ ಇದಕ್ಕೆ ತೀರಾ ಜಾಸ್ತಿ. ಇನ್ನು ಹಣ್ಣುನೊಣಕ್ಕೆ, ಮಾವಿನ ತೋಟದಲ್ಲಿ ಕಟ್ಟುವ, ವಾಸನೆಗೆ ನೊಣ ಬಂದು ಬೀಳುವ ಮೋಹಕ ಬಲೆಯೇ ಸಾಕಾಯ್ತು.

ಜುಲೈನಲ್ಲಿ ಕಾಯಿ ಹಸಿರಿದ್ದಾಗಲೇ ಕೀಳಬೇಕು. ಮಂಡಿಯಲ್ಲಿ ಗಟ್ಟಿ ಕಾಯಿ ಅಂತ ಕೆಜಿಗೆ ₹30 ಕಟ್ಟಿದರು. ಭಾನುವಾರ ಬೆಟ್ಟದ ರಸ್ತೆಯಲ್ಲಿ ಉಪ್ಪುಖಾರ ಸವರಿ ಒಂದು ಹೋಳು ಕೊಟ್ಟರೆ ಜನ ಕೆಜಿಗೆ ₹80ರಂತೆ ಎರಡೆರಡು ಕೆಜಿ ಒಯ್ದರು. ಖರ್ಚು ಕಳೆದು ₹60,000ದ ಆಸುಪಾಸು ಉಳಿದಿದೆ. ಕಿತ್ತು ಹಾಕು ಅಂದ ತೋಟದವರೇ ಈಗ ಕಸಿಕಡ್ಡಿ ಕೇಳಿದ್ದಾರೆ, ಡಿಸೆಂಬರಿಗೆ ಕೊಡುತ್ತೇನೆ.