ಹೆದರುವ ಬೆಕ್ಕಿಗೆ ತಾಳ್ಮೆಯ ಮನೆ ಹುಡುಕುವುದು ಹೇಗೆ?

ಹೋದ ವರ್ಷ ನಮ್ಮ ಆಶ್ರಯ ಕೇಂದ್ರದಿಂದ ಮೆಣಸಿ ಎಂಬ ಬೆಕ್ಕು ಒಂದು ಮನೆಗೆ ಹೋಯಿತು. ನಾಲ್ಕನೇ ದಿನ ವಾಪಸ್ ಬಂತು. "ಮಂಚದ ಕೆಳಗಿಂದ ಈಚೆಗೇ ಬರಲ್ಲ ಅಕ್ಕ, ಮಕ್ಕಳಿಗೆ ಬೇಜಾರಾಗಿದೆ" ಎಂದರು ತಂದವರು. ಅವರದೇನೂ ತಪ್ಪಿಲ್ಲ. ಅವರು ಕೇಳಿದ್ದು ಮುದ್ದಾಡಿಸಿಕೊಳ್ಳುವ ಬೆಕ್ಕು. ಜಾಗ ಸಾಲದೆಂದು ನಾವು ಅವಸರದಲ್ಲಿ ಮೆಣಸಿಯನ್ನು ಕೊಟ್ಟುಬಿಟ್ಟಿದ್ದೆವು. ಹಿಂದೆ ಬಂದ ಮೆಣಸಿ ಮೊದಲಿಗಿಂತ ಜಾಸ್ತಿ ಹೆದರಿದ್ದಳು. ನಾವು ಎದುರಿಗಿದ್ದಷ್ಟು ಹೊತ್ತು ಬಟ್ಟಲಿಗೆ ಬಾಯಿಯೇ ಹಾಕುತ್ತಿರಲಿಲ್ಲ.

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ ಎಲ್ಲ ಕಡೆಯೂ ಇದೇ ತಪ್ಪು ನಡೆಯುವುದನ್ನು ನೋಡಿದ್ದೇನೆ. ಹೀಗೆ ಹೆದರುವ ಬೆಕ್ಕನ್ನು ನೀವು ಸಾಕುತ್ತಿದ್ದು, ಮನೆ ಹುಡುಕುತ್ತಿದ್ದರೆ ಹೀಗೆ ಮಾಡಿ.

ಹಂತ 1: ಬೆಕ್ಕನ್ನು ಸರಿಯಾಗಿ ತಿಳಿದುಕೊಳ್ಳಿ

ಬೆಕ್ಕಿನ ಮರಿ ಮನುಷ್ಯರನ್ನು ನಂಬಲು ಕಲಿಯುವುದು ಮುಖ್ಯವಾಗಿ ಎರಡರಿಂದ ಏಳು ವಾರದ ಒಳಗೆ. ಕಾಫಿ ಗೋಡೌನಿನ ಚೀಲಗಳ ಹಿಂದೆಯೋ, ತೋಟದ ಕೆಲಸಗಾರರ ಲೈನ್ ಮನೆಯ ಅಟ್ಟದ ಮೇಲೋ ಹುಟ್ಟಿದ ಮರಿಗೆ ಆ ವಾರಗಳಲ್ಲಿ ಮನುಷ್ಯರ ಕೈ ಸೋಕಿರುವುದಿಲ್ಲ. ಆಮೇಲೂ ಕಲಿಯುತ್ತದೆ, ಆದರೆ ತುಂಬಾ ನಿಧಾನ. ಎಷ್ಟೋ ಬೆಕ್ಕುಗಳು ಕೊನೆಗೆ ಒಬ್ಬರನ್ನೋ ಇಬ್ಬರನ್ನೋ ಮಾತ್ರ ನಂಬುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೋನಿನ ಮೂಲೆಯಲ್ಲಿ ಅಲ್ಲಾಡದೆ ಕೂತ ಬೆಕ್ಕನ್ನು ನೋಡಿ ಜನ "ಪಾಪ, ಎಷ್ಟು ಸಾಧು" ಅಂತಾರೆ. ಹತ್ತಿರದಿಂದ ನೋಡಿ. ಕಣ್ಣಿನ ಕಪ್ಪು ದೊಡ್ಡದಾಗಿ ಹರಡಿದೆ. ಕಿವಿ ಪಕ್ಕಕ್ಕೆ ಚಪ್ಪಟೆಯಾಗಿದೆ. ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಒತ್ತಿಕೊಂಡಿದೆ, ಬಾಲ ಮೈಗೆ ಸುತ್ತಿದೆ. ಅದು ಸಾಧುತನವಲ್ಲ, ಭಯಕ್ಕೆ ಮರಗಟ್ಟಿರುವುದು. ಇಂಥ ಬೆಕ್ಕನ್ನು "ಎತ್ತಿಕೊಂಡರೂ ಸುಮ್ನಿರುತ್ತೆ" ಎಂದು ಹೇಳಿ ಕೊಟ್ಟರೆ ಎರಡನೇ ದಿನ ಯಾರದಾದರೂ ಕೈ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಕಾಫಿಪುಡಿ ಏನೂ ಮೆತ್ತಬೇಡಿ.

ದೊಡ್ಡ ಬೆಕ್ಕು ವಾರಗಟ್ಟಲೆ ಕಳೆದರೂ ಒಂದಿಷ್ಟೂ ಸಡಿಲವಾಗದಿದ್ದರೆ ಅದಕ್ಕೆ ನಾಲ್ಕು ಗೋಡೆಯೇ ಶಿಕ್ಷೆ. ಅಂಥದ್ದಕ್ಕೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ದಿನಾ ಊಟ ಹಾಕುವವರಿರುವ ತೋಟದ ಗೋಡೌನ್ ನೋಡಿ. ಅಲ್ಲಿ ಇಲಿ ಪಾಷಾಣ ಇಡುವ ಅಭ್ಯಾಸ ಇದ್ದರೆ ಮಾತ್ರ ಕೊಡಬೇಡಿ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು.

ಹಂತ 2: ಆಪರೇಷನ್, ಲಸಿಕೆ, ಜಂತುಹುಳದ ಔಷಧಿ

ಮನೆ ಹುಡುಕುವ ಮೊದಲೇ ಮುಗಿಸಿ. ಹೊಸ ಮನೆಯವರು ಮೊದಲ ತಿಂಗಳಲ್ಲೇ ಬೆಕ್ಕನ್ನು ಹಿಡಿದು ಡಾಕ್ಟರ ಹತ್ತಿರ ಒಯ್ಯುವಂತಾದರೆ ಗಳಿಸಿದ ನಂಬಿಕೆಯೆಲ್ಲ ಹೋಗುತ್ತದೆ.

ಉಣ್ಣಿಗೆಂದು ನಾಯಿಯ ಬೆನ್ನಿಗೆ ಹಾಕುವ ಹನಿ ಔಷಧಿ ಉಳಿದಿದೆ ಅಂತ ಬೆಕ್ಕಿಗೆ ಹಾಕಬೇಡಿ. ಅಂಥ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಗೆ ಏನೂ ಆಗದಿದ್ದರೂ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಪ್ರಾಣವೇ ಹೋಗಬಹುದು.

ಹಂತ 3: ಇದ್ದದ್ದು ಇದ್ದ ಹಾಗೆ ಬರೆಯಿರಿ

ವಾಟ್ಸಾಪ್ ಗುಂಪಿಗೆ "ಮುದ್ದಾದ ಬೆಕ್ಕು, ಉಚಿತ" ಎಂದು ಹಾಕಿದರೆ ಇಪ್ಪತ್ತು ಫೋನ್ ಬರುತ್ತವೆ, ಇಪ್ಪತ್ತೂ ತಪ್ಪು ಮನೆಗಳು. ಮೆಣಸಿಗೆ ಎರಡನೇ ಸಲ ನಾನು ಬರೆದದ್ದು ಇಷ್ಟೇ: "ಎರಡು ವರ್ಷದ ಹೆಣ್ಣು ಬೆಕ್ಕು. ಆಪರೇಷನ್ ಆಗಿದೆ. ಮನುಷ್ಯರಿಗೆ ಹೆದರುತ್ತಾಳೆ. ಆರು ತಿಂಗಳು ಮುಟ್ಟಲು ಬಿಡದೇ ಇರಬಹುದು. ತೊಡೆ ಮೇಲೆ ಯಾವತ್ತೂ ಕೂರದೇ ಇರಬಹುದು. ಬೇಯಿಸಿದ ಮತ್ತಿ ಮೀನೆಂದರೆ ಇಷ್ಟ. ರಾತ್ರಿ ಒಬ್ಬಳೇ ಚೆಂಡು ಉರುಳಿಸಿಕೊಂಡು ಆಡುತ್ತಾಳೆ." ಮೂರು ವಾರ ಫೋನೇ ಬರಲಿಲ್ಲ. ಆಮೇಲೆ ಒಂದು ಬಂತು. ಆ ಒಂದೇ ಸಾಕಾಯಿತು.

ಹಂತ 4: ಮನೆಯವರ ಜೊತೆ ಮಾತು

"ಚೆನ್ನಾಗಿ ನೋಡ್ಕೊಳ್ತೀರಾ?" ಎಂದು ಕೇಳಿದರೆ ಯಾರಾದರೂ ಇಲ್ಲ ಅಂತಾರಾ? ಬಾಯಿಬಿಟ್ಟು ಮಾತಾಡಬೇಕಾದ ಪ್ರಶ್ನೆ ಕೇಳಿ. ನನ್ನದು ಎರಡೇ ಪ್ರಶ್ನೆ. "ಹಿಂದೆ ಸಾಕಿದ ಬೆಕ್ಕು ಏನಾಯಿತು?" ಮತ್ತೆ, "ಈ ಬೆಕ್ಕು ಮೂರು ತಿಂಗಳು ಮಂಚದ ಕೆಳಗೇ ಇದ್ದರೆ ಏನು ಮಾಡ್ತೀರಿ?"

"ಅಯ್ಯೋ, ನಾಲ್ಕು ದಿನ ಎತ್ತಿ ಎತ್ತಿ ಅಭ್ಯಾಸ ಮಾಡಿಸಿದರೆ ಸರಿಹೋಗುತ್ತೆ" ಎಂದವರಿಗೆ ಈ ಬೆಕ್ಕು ಬೇಡ. "ನನ್ನ ಮಗಳಿಗೆ ಪ್ರಾಣಿ ಅಂದ್ರೆ ಪ್ರಾಣ" ಎಂದವರಿಗೆ ಧೈರ್ಯದ ಮರಿಯೊಂದನ್ನು ತೋರಿಸಿ. ಮೆಣಸಿಯನ್ನು ಕೇಳಿಕೊಂಡು ಬಂದವರು ಸಿದ್ದಾಪುರದ ಕಡೆಯ ನಿವೃತ್ತ ಟೀಚರ್, ಒಬ್ಬರೇ ಇರುವವರು. ಅವರೆಂದರು: "ಅದು ಅದರ ಪಾಡಿಗೆ ಇರ್ಲಿ ಬಿಡಮ್ಮ. ನಾನು ನನ್ನ ಪಾಡಿಗೆ ಪೇಪರ್ ಓದ್ತಾ ಇರ್ತೀನಿ." ನಾನು ಬೇರೇನೂ ಕೇಳಲಿಲ್ಲ.

ಹೋಂಸ್ಟೇಗೆ ಹೆದರುವ ಬೆಕ್ಕನ್ನು ಕೊಡಲೇಬೇಡಿ. ಮಾಲೀಕರು ಎಷ್ಟೇ ಒಳ್ಳೆಯವರಿರಲಿ, ಪ್ರತಿ ಶನಿವಾರ ಹೊಸ ಮುಖ, ಹೊಸ ಧ್ವನಿ, ಫೋಟೊಕ್ಕೆ ಬೆಕ್ಕನ್ನು ಅಟ್ಟಿಸಿಕೊಂಡು ಬರುವ ಮಕ್ಕಳು. ನಾಯಿಗಳನ್ನು ಕಟ್ಟದೆ ಬಿಟ್ಟಿರುವ ಮನೆಯೂ ಬೇಡ. ಆ ಮನೆಯಲ್ಲಿ ಶಾಂತ ಸ್ವಭಾವದ ಇನ್ನೊಂದು ಬೆಕ್ಕು ಇದ್ದರೆ ಒಳ್ಳೆಯದೇ. ನಿಮ್ಮ ಬೆಕ್ಕು ಬೇರೆ ಬೆಕ್ಕುಗಳ ಜೊತೆ ಹೊಂದಿಕೊಳ್ಳುವಂಥದ್ದಾದರೆ, ಆ ಮನೆಯ ಬೆಕ್ಕು ಮನುಷ್ಯರ ಹತ್ತಿರ ಹೋಗುವುದನ್ನು ನೋಡಿ ಧೈರ್ಯ ತಂದುಕೊಳ್ಳುತ್ತದೆ.

ಹಂತ 5: ಮನೆ ನೋಡುವಾಗ ತಲೆ ಎತ್ತಿ ನೋಡಿ

ಎಲ್ಲರೂ ಬಾಗಿಲು, ಕಿಟಕಿ ನೋಡುತ್ತಾರೆ. ಸೂರು ಯಾರೂ ನೋಡುವುದಿಲ್ಲ. ಕೊಡಗಿನ ಹಳೆಯ ಮನೆಗಳಿಗೆ ಮಂಗಳೂರು ಹೆಂಚು. ಎಷ್ಟೋ ಮನೆಗಳಲ್ಲಿ ಗೋಡೆಯ ತಲೆಗೂ ಹೆಂಚಿಗೂ ನಡುವೆ ಗೇಣಗಲ ಸಂದು. ಗಾಬರಿಯಾದ ಬೆಕ್ಕು ಮೊದಲು ಹುಡುಕುವುದೇ ಮೇಲಿನ ದಾರಿ. ಅಲ್ಮೇರಾ ಹತ್ತಿ, ಅಲ್ಲಿಂದ ಗೋಡೆಯ ತಲೆಗೆ, ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ತೋಟಕ್ಕೆ. ತಲೆ ತೂರುವಷ್ಟು ಜಾಗ ಇದ್ದರೆ ಸಾಕು, ಮೈ ಹಿಂದೆಯೇ ಬರುತ್ತದೆ.

ನಾನು ಕೊಟ್ಟ ಒಂದು ಬೆಕ್ಕು ಮೊದಲ ರಾತ್ರಿಯೇ ಹಾಗೆ ಹೋಯಿತು. ಹನ್ನೊಂದು ದಿನ ಆದ ಮೇಲೆ ಸೌದೆ ಕೊಟ್ಟಿಗೆಯಲ್ಲಿ, ಎಲುಬು ಕಾಣುವಂತಾಗಿ ಸಿಕ್ಕಿತು. ಚಿರತೆ ಓಡಾಡುವ ಜಾಗ ಅದು. ಸಿಕ್ಕಿದ್ದೇ ಹೆಚ್ಚು. ಅವತ್ತಿನಿಂದ ಕೋಳಿಗೂಡಿಗೆ ಹೊಡೆಯುವ ಜಾಲರಿಯ ಒಂದು ಸುರುಳಿ ನನ್ನ ಗಾಡಿಯಲ್ಲೇ ಇರುತ್ತದೆ. ಸಂದಿಗೆ ಗೋಣಿಚೀಲ ತುರುಕಿದರೆ ಸಾಲದು, ಬೆಕ್ಕು ಅದನ್ನು ಎಳೆದು ಹಾಕುತ್ತದೆ. ಜಾಲರಿಯನ್ನೇ ಮೊಳೆ ಹೊಡೆದು ಕಟ್ಟಿ. ಸೀಲಿಂಗ್ ಇರುವ ಕೋಣೆ ಇದ್ದರೆ ಅದನ್ನೇ ಆರಿಸಿ.

ಹಂತ 6: ದಿನ ಆರಿಸುವುದು

ಮಡಿಕೇರಿ ಪೇಟೆಯ ಮನೆಯಾದರೆ ದಸರಾ ಹತ್ತಿರದಲ್ಲಿ ಬೇಡ. ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಅಂದರೆ ದಶಮಂಟಪದ ರಾತ್ರಿಯ ಸದ್ದಿಗೆ ಧೈರ್ಯದ ಬೆಕ್ಕೇ ನಡುಗುತ್ತದೆ. ದೀಪಾವಳಿಯ ಪಟಾಕಿ, ಸುಗ್ಗಿ ಹಬ್ಬ ಹುತ್ತರಿಯಲ್ಲಿ ಹಾರಿಸುವ ಕುಶಾಲುತೋಪು ಮುಗಿಯುವವರೆಗೂ ಕಾಯಿರಿ. ಜನವರಿಯಿಂದ ರೊಬಸ್ಟಾ ಕಾಫಿಯ ಕೊಯ್ಲು, ತೋಟದ ಮನೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ನನ್ನನ್ನು ಕೇಳಿದರೆ ಜೂನ್, ಜುಲೈ ಎಲ್ಲಕ್ಕಿಂತ ಒಳ್ಳೆಯದು. ಮಳೆ ಹಿಡಿದಿರುತ್ತದೆ, ಮನೆಯವರು ಮನೆಯಲ್ಲೇ ಇರುತ್ತಾರೆ, ಕಿಟಕಿ ಬಾಗಿಲು ಮುಚ್ಚಿರುತ್ತವೆ, ನೆಂಟರು ಕಮ್ಮಿ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬೆಕ್ಕು ಕೋಣೆಗೆ ಹೊಂದಿಕೊಂಡಿರುತ್ತದೆ. ಶೀಟ್ ಹೊದಿಸಿದ ಮನೆಯಲ್ಲಿ ಮಾತ್ರ ಮಳೆಯ ಸದ್ದೇ ಭಯ ಹುಟ್ಟಿಸುತ್ತದೆ. ಮರ ಬಿದ್ದು ರಸ್ತೆ ಮುಚ್ಚಬಹುದು, ಆಹಾರ ಮೊದಲೇ ತಂದಿಡಿ.

ಹಂತ 7: ಸಾಗಿಸುವುದು

ಮೇಲಿನಿಂದಲೂ ಬಾಗಿಲು ತೆರೆಯುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್, ಅದರ ಮೇಲೊಂದು ದಪ್ಪ ಬಟ್ಟೆ. ರಟ್ಟಿನ ಪೆಟ್ಟಿಗೆ ಬೇಡ, ಉಚ್ಚೆಗೆ ನೆನೆದು ತಳ ಕಳಚುತ್ತದೆ. ಘಾಟಿಯ ತಿರುವಿಗೆ ವಾಂತಿಯಾಗದಿರಲು ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ.

ಹಂತ 8: ಒಂದೇ ಕೋಣೆ, ಒಬ್ಬರೇ ಮನುಷ್ಯರು

ಜನ ಕೆಡಿಸುವುದೆಲ್ಲ ಇಲ್ಲೇ. ಹೊಸ ಮನೆಯವರಿಗೆ ಇದನ್ನು ಬಾಯಲ್ಲಿ ಹೇಳಿ, ಕಾಗದದಲ್ಲಿ ಬರೆದು ಗೋಡೆಗೂ ಅಂಟಿಸಿ ಬನ್ನಿ.

ಕನಿಷ್ಠ ಮೂರು ವಾರ ಬೆಕ್ಕಿಗೆ ಒಂದೇ ಕೋಣೆ. ಇಡೀ ಮನೆ ಬಿಟ್ಟುಕೊಡುವುದು ಪ್ರೀತಿ ಅಂತ ಅಂದುಕೊಳ್ಳುತ್ತಾರೆ. ಹೆದರಿದ ಜೀವಕ್ಕೆ ದೊಡ್ಡ ಜಾಗ ಎಂದರೆ ಕಾಯಬೇಕಾದ ಮೂಲೆಗಳು ಜಾಸ್ತಿ, ಅಷ್ಟೇ. ಕೋಣೆಯಲ್ಲಿ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಮಗ್ಗುಲಾಗಿ ಇಡಿ, ಒಳಗೆ ಆಶ್ರಯ ಕೇಂದ್ರದಿಂದ ತಂದ, ತೊಳೆಯದ ಹಾಸು ಬಟ್ಟೆ. ನೆದರ್ಲೆಂಡ್ಸ್‌ನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಡಗಲು ಪೆಟ್ಟಿಗೆ ಸಿಕ್ಕ ಹೊಸ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು. ಮಂಚದ ಕೆಳಗಿನ ಜಾಗವನ್ನು ಹಲಗೆಯಿಂದ ಮುಚ್ಚಿಬಿಡಿ. ಪೆಟ್ಟಿಗೆಯೊಳಗೆ ಇದ್ದರೆ ಬೆಕ್ಕು ಅಡಗಿಯೂ ಇರುತ್ತದೆ, ನಮ್ಮನ್ನು ನೋಡುತ್ತಲೂ ಇರುತ್ತದೆ.

ಮರಳಿನ ತಟ್ಟೆ ಒಂದು ಮೂಲೆಗೆ, ಊಟ ಅದರಿಂದ ದೂರ. ಜರಡಿ ಹಿಡಿದ ಹೊಳೆ ಮರಳು ಸಾಕು. ಮಲ್ಲಿಗೆ, ಲ್ಯಾವೆಂಡರ್ ಅಂತ ಘಮಘಮಿಸುವ ಪ್ಯಾಕೆಟ್ ಮರಳಿಗೆ ದುಡ್ಡು ಸುರಿಯಬೇಡಿ, ಆ ವಾಸನೆಗೆ ಎಷ್ಟೋ ಬೆಕ್ಕುಗಳು ತಟ್ಟೆಯನ್ನೇ ಬಿಡುತ್ತವೆ. ತೋಟದಲ್ಲಿ ಪುಕ್ಕಟೆ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಕಬೇಡಿ, ಕೆಫೀನ್ ಬೆಕ್ಕಿಗೆ ವಿಷ. ನೆಲಕ್ಕೆ ಫಿನಾಯಿಲ್ ಬೇಡವೇ ಬೇಡ. ಪಾದಕ್ಕೆ ಹತ್ತಿದ್ದನ್ನು ಬೆಕ್ಕು ನೆಕ್ಕುತ್ತದೆ, ಅದನ್ನು ಅರಗಿಸುವ ಶಕ್ತಿ ಅದರ ಲಿವರಿಗೆ ಇಲ್ಲ. ಸೋಪಿನ ನೀರಲ್ಲಿ ಒರೆಸಿ.

ಇನ್ನು ಮನುಷ್ಯರು. ಮೊದಲ ವಾರ ಒಬ್ಬರೇ ಒಳಗೆ ಹೋಗಬೇಕು, ದಿನಾ ಅದೇ ಹೊತ್ತಿಗೆ. ಬಾಗಿಲು ಮೆಲ್ಲಗೆ ತಟ್ಟಿ, ಅದೇ ಮಾತು ಹೇಳಿ ಒಳಗೆ ಹೋಗಿ. ನಮ್ಮ ಟೀಚರ್ "ಬಂದೆ ಮೆಣಸಿ" ಎನ್ನುತ್ತಿದ್ದರು. ಊಟ ಇಟ್ಟು, ಪೆಟ್ಟಿಗೆಗೆ ಬೆನ್ನೋ ಪಕ್ಕೆಯೋ ಮಾಡಿ ನೆಲದ ಮೇಲೆ ಕೂತು, ಅರ್ಧ ಗಂಟೆ ಪೇಪರ್ ಗಟ್ಟಿಯಾಗಿ ಓದುತ್ತಿದ್ದರು. ದಿಟ್ಟಿಸಿ ನೋಡಬಾರದು. ಬೆಕ್ಕಿನ ಭಾಷೆಯಲ್ಲಿ ಅದು ಬೆದರಿಕೆ. ಕಣ್ಣಿಗೆ ಕಣ್ಣು ಕೂಡಿದರೆ ರೆಪ್ಪೆಯನ್ನು ನಿಧಾನವಾಗಿ ಅರ್ಧ ಮುಚ್ಚಿ, ತೆರೆದು, ಮುಖ ತಿರುಗಿಸಿ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಹಾಗೆ ರೆಪ್ಪೆ ಆಡಿಸಿದ ಅಪರಿಚಿತರ ಕೈ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು.

ಮುಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಅಲ್ಲಿಗೆ ಬರುವ ದಾರಿ ಉದ್ದ. ಬಟ್ಟಲನ್ನು ದಿನಕ್ಕೆ ಒಂದು ಗೇಣು ನಿಮ್ಮ ಕಡೆಗೆ ಎಳೆದುಕೊಳ್ಳಿ. ಬೆಕ್ಕು ತಿನ್ನದೆ ಹಿಂದೆ ಸರಿದರೆ, ನೆನ್ನೆಯ ಜಾಗಕ್ಕೇ ಇಡಿ. ಆಮೇಲೆ ಉದ್ದ ಹಿಡಿಯ ಮರದ ಸೌಟಿನ ತುದಿಗೆ ಒಂದು ಚೂರು ಮೀನು. ಟೀಚರ್ ಹೀಗೆ ಸೌಟು ಹಿಡಿದದ್ದು ಐದನೇ ವಾರ. ಮೆಣಸಿ ಕತ್ತು ಮಾತ್ರ ಮುಂದೆ ಚಾಚಿದಳು, ಹಿಂಗಾಲು ಪೆಟ್ಟಿಗೆಯೊಳಗೇ ಇತ್ತು. ಮೀನು ಕಚ್ಚಿಕೊಂಡು ಒಳಗೋಡಿದಳು. ಮೂರನೇ ಚೂರಿಗೆ ಓಡಲಿಲ್ಲ, ಅಲ್ಲೇ ನಿಂತು ತಿಂದಳು. ಸೌಟಿನ ಹಿಡಿಯನ್ನು ವಾರಕ್ಕಿಷ್ಟು ಮುಂದೆ ಮುಂದೆ ಹಿಡಿಯುತ್ತಾ ಹೋದರೆ ಕೊನೆಗೆ ಉಳಿಯುವುದು ಕೈ. ಮೊದಲ ಸಲ ಬೆರಳಿನ ಗೆಣ್ಣಿನಿಂದ ಕೆನ್ನೆ ಮಾತ್ರ ಸವರಿ. ಎರಡೇ ಸಲ. ಬೆಕ್ಕು ಸಾಕು ಅನ್ನುವ ಮೊದಲು ನೀವೇ ಕೈ ಹಿಂದೆ ತೆಗೆಯಿರಿ.

ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ, ರಾತ್ರಿ ತಿನ್ನುತ್ತದೆ. ಎರಡು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ ಮೈಯ ಕೊಬ್ಬು ಲಿವರಿನಲ್ಲಿ ತುಂಬಿ ಜೀವಕ್ಕೇ ಕುತ್ತು. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ. ಹಾಲನ್ನ ಹಾಕಿ ಒಲಿಸಲು ನೋಡಬೇಡಿ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಮೀನು ಅಥವಾ ಕೋಳಿ ಕೊಡಿ.

ಮನೆಯವರು ಒಳಗಿದ್ದಾಗಲೂ ಬೆಕ್ಕು ಊಟ ಮಾಡಿ, ಬಾಲ ನೆಟ್ಟಗೆ ಎತ್ತಿ ನಡೆಯುವ ದಿನ ಕೋಣೆಯ ಬಾಗಿಲನ್ನು ಸಂಜೆ ಹೊತ್ತು ಒಂದು ಗಂಟೆ ತೆರೆದಿಡಿ. ಅದಾಗಿಯೇ ಹೊರಗೆ ಬರಲಿ.

ಹಂತ 9: ಫೋನ್ ಮಾಡುತ್ತಿರಿ

ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ. "ಬೆಕ್ಕು ಹೇಗಿದೆ?" ಎಂದರೆ "ಚೆನ್ನಾಗಿದೆ" ಅಂತಾರೆ, ಏನೂ ಗೊತ್ತಾಗುವುದಿಲ್ಲ. "ನೆನ್ನೆ ಬಟ್ಟಲಲ್ಲಿ ಎಷ್ಟು ಉಳಿದಿತ್ತು? ಮರಳು ಒದ್ದೆ ಇತ್ತಾ? ಎಲ್ಲಿ ಮಲಗಿತ್ತು?" ಎಂದು ಕೇಳಿ. ಆಗದಿದ್ದರೆ ಯಾವ ಹೊತ್ತಿಗಾದರೂ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಮೊದಲ ದಿನವೇ ಹೇಳಿರಿ. ಆ ಭರವಸೆ ಇದ್ದವರು ತೊಂದರೆಯಾದಾಗ ಬೆಕ್ಕನ್ನು ಹೊರಗೆ ಬಿಡುವ ಬದಲು ನಿಮಗೆ ಫೋನ್ ಮಾಡುತ್ತಾರೆ.

ಟೀಚರ್ ಹೋದ ವಾರ ಫೋನ್ ಮಾಡಿದ್ದರು. ಮೆಣಸಿ ಈಗ ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತಾಳಂತೆ. ಮಿಕ್ಸಿ ಹಾಕುವ ಮೊದಲು ಅವರು "ಹಾಕ್ತೀನಿ ನೋಡು" ಅಂತ ಹೇಳಿ, ಅವಳು ಕೋಣೆಗೆ ಹೋಗುವವರೆಗೂ ಕಾಯುತ್ತಾರಂತೆ.