ಹೆದರಿದ ಕಣ್ಣಿಗೆ ಹನಿ ಹಾಕುವ ಬಗೆ

ಧನುರ್ಮಾಸದಲ್ಲಿ ಅಮ್ಮನ ಬಲಗಣ್ಣಿನ ಪೊರೆ ತೆಗೆಸಿದೆವು. ಅವಳಿಗೆ 74 ವರ್ಷ. ಆಪರೇಷನ್ ಬೇಗ ಮುಗಿಯಿತು, ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಚೀಟಿಯಲ್ಲಿ ಎರಡು ಡ್ರಾಪ್ಸ್ ಬರೆದಿದ್ದರು. ಮೊದಲ ವಾರ ಒಂದನ್ನು ದಿನಕ್ಕೆ 6 ಸಲ, ಇನ್ನೊಂದನ್ನು 4 ಸಲ ಹಾಕಬೇಕು. ನಾನು ಸೀಸೆ ಹಿಡಿದು ಬಗ್ಗಿದರೆ ಸಾಕು, ರೆಪ್ಪೆ ಮುಚ್ಚಿಬಿಡುತ್ತಿತ್ತು. ಹನಿ ಕೆನ್ನೆ ಮೇಲಿಂದ ಕಿವಿಗೆ ಇಳಿಯುತ್ತಿತ್ತು. ಎರಡನೇ ಸಂಜೆ ರೇಗಿಬಿಟ್ಟೆ. “ಚಿಕ್ಕ ಮಗು ಥರ ಆಡ್ತೀಯಲ್ಲಮ್ಮ, ಕಣ್ಣು ಬಿಡು!”

“ನಾನು ಬಿಡ್ತಾನೇ ಇದೀನಿ ಕಣೇ, ಅದೇ ಮುಚ್ಕೊಳತ್ತೆ” ಅಂದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಪರಾವರ್ತಿತ ಕ್ರಿಯೆಯ ಪಾಠವನ್ನು ವರ್ಷವರ್ಷವೂ ಮಾಡುತ್ತೇನೆ. ಆದರೂ ಅಮ್ಮ ಹೇಳಿದ್ದು ಅದೇ ಪಾಠ ಅಂತ ಹೊಳೆಯಲು ಇಡೀ ರಾತ್ರಿ ಬೇಕಾಯಿತು. ಕಣ್ಣಿನ ಹತ್ತಿರ ಏನಾದರೂ ಬಂದರೆ ರೆಪ್ಪೆ ಮುಚ್ಚುವುದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಬೇಡ ಅಂದುಕೊಳ್ಳುವಷ್ಟರಲ್ಲಿ ಅದು ಮುಚ್ಚಿ ಆಗಿರುತ್ತದೆ.

ನಾವು ಪಾಠದಲ್ಲಿ ಹೇಳದೆ ಬಿಡುವ ಸಂಗತಿಯೊಂದಿದೆ. ಈ ಕ್ರಿಯೆ ಎಷ್ಟು ಜೋರಾಗಿ ನಡೆಯಬೇಕು ಅನ್ನುವುದನ್ನು ಆ ಹೊತ್ತಿನ ಮನಸ್ಸು ತೀರ್ಮಾನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಲ್ಯಾಂಗ್ ಮತ್ತು ಜೊತೆಗಾರರು 1988ರಲ್ಲಿ ತೋರಿಸಿದ್ದು ಇದನ್ನೇ: ಭಯ, ಅಸಹ್ಯ ತರುವ ಚಿತ್ರ ನೋಡುತ್ತಿರುವಾಗ ಥಟ್ಟನೆ ಸದ್ದು ಮಾಡಿದರೆ ಜನ ಬಲವಾಗಿ ಕಣ್ಣು ಪಿಳುಕಿಸುತ್ತಾರೆ, ಹಿತವಾದ ಚಿತ್ರ ಎದುರಿಗಿದ್ದರೆ ಅದು ಮೆತ್ತಗಾಗುತ್ತದೆ. ಅಂದರೆ ನಾನು ರೇಗಿದಷ್ಟೂ ಅಮ್ಮನ ರೆಪ್ಪೆ ಇನ್ನಷ್ಟು ಬಿಗಿಯಾಗುವಂತೆ ನಾನೇ ಮಾಡುತ್ತಿದ್ದೆ.

ನನ್ನ ಕೈಗೆ ದಾರಿ ತೋರಿಸಿದ್ದು ಲಂಡನ್ನಿನ ಪ್ರಯೋಗಗಳು. ಕಿಯಾರಾ ಸಾಂಬೊ, ಜಿಯಾನ್ ಡೊಮೆನಿಕೊ ಯಾನೆಟ್ಟಿ ಅನ್ನುವ ನರವಿಜ್ಞಾನಿಗಳು ಮಣಿಕಟ್ಟಿಗೆ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟು ಕಣ್ಣಿನ ಪಿಳುಕನ್ನು ಅಳೆದರು. ಕೈ ಮುಖದ ಹತ್ತಿರವಿದ್ದರೆ ಪಿಳುಕು ದೊಡ್ಡದು. ಮುಖಕ್ಕೂ ಕೈಗೂ ನಡುವೆ ತೆಳು ಮರದ ಹಲಗೆ ಇಟ್ಟರೆ ಆ ಹೆಚ್ಚಳ ಇಲ್ಲ. 2013ರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಸ್ವಭಾವತಃ ಆತಂಕ ಹೆಚ್ಚಿರುವವರಲ್ಲಿ ಮುಖದ ಸುತ್ತಲಿನ ಈ ಕಾವಲಿನ ಗಡಿ ಇನ್ನೂ ದೂರಕ್ಕೆ ಚಾಚಿರುತ್ತದೆ. ನನಗೆ ಕೂಡಲೇ ಅಡುಗೆಮನೆ ನೆನಪಾಯಿತು. ಯಾವತ್ತೋ ಒಗ್ಗರಣೆಯ ಸಾಸಿವೆ ಸಿಡಿದು ಅಮ್ಮನ ರೆಪ್ಪೆ ಸುಟ್ಟಿತ್ತು. ಇವತ್ತಿಗೂ ಸಾಸಿವೆ ಚಟಪಟ ಅನ್ನುವ ಮೊದಲೇ ಮುಖ ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತಾಳೆ.

ಹಾಗಿದ್ದರೆ ನಡುವೆ ಹಲಗೆ ಇರಲಿ ಅಂದುಕೊಂಡೆ. ಅವಳ ರೆಪ್ಪೆಯೇ ಆ ಹಲಗೆ.

ಮಾಡುವುದು ಹೀಗೆ. ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಕುದಿಸಿ ಆರಿಸಿದ ನೀರಲ್ಲಿ ಶುದ್ಧವಾದ ಹತ್ತಿ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯನ್ನು ಒತ್ತದೆ ಒರೆಸಿ. ಫ್ರಿಜ್ಜಿನಲ್ಲಿಡುವ ಔಷಧವಾದರೆ ಸೀಸೆಯನ್ನು ಒಂದೆರಡು ನಿಮಿಷ ಮುಷ್ಟಿಯಲ್ಲಿ ಹಿಡಿದುಕೊಳ್ಳಿ, ತಣ್ಣನೆಯ ಹನಿಗೂ ಮೈ ಬೆಚ್ಚುತ್ತದೆ. ದಿಂಬಿಲ್ಲದೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ. ಹೌದು, ಮುಚ್ಚಿಕೊಳ್ಳಲು. ಎದುರಿನಿಂದ ಬರಬೇಡಿ, ತಲೆಯ ಪಕ್ಕದಿಂದ ಬನ್ನಿ. ನಿಮ್ಮ ಅಂಗೈ ಅಂಚು ಅವರ ಹಣೆಯ ಮೇಲೆ ಊರಿರಲಿ. ಮುಟ್ಟಿ ನಿಂತ ಕೈ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ, ಗಾಳಿಯಲ್ಲಿ ಹತ್ತಿರ ಬರುತ್ತಿರುವ ಕೈ ಗೊತ್ತಾಗುವುದಿಲ್ಲ. “ಈಗ ಹಾಕ್ತೀನಮ್ಮ” ಅಂದು ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಒಂದು ಹನಿ ಬಿಡಿ. ಸೀಸೆಯ ತುದಿ ಎಲ್ಲಿಗೂ ತಾಕಬಾರದು. ಆಮೇಲೆ ಅವರೇ ನಿಧಾನವಾಗಿ ಕಣ್ಣು ತೆರೆಯಲಿ, ಹನಿ ತಾನಾಗಿ ಒಳಗೆ ಜಾರುತ್ತದೆ. ಮತ್ತೆ ಮೆತ್ತಗೆ ಮುಚ್ಚಿಕೊಂಡು ಎರಡು ನಿಮಿಷ ಇರಲಿ. ಹಿಂಡಿ ಮುಚ್ಚುವುದು ಬೇಡ, ಉಜ್ಜುವುದಂತೂ ಬೇಡವೇ ಬೇಡ. ಒಂದೇ ಹನಿ ಸಾಕು, ಎರಡನೆಯದು ಹೊರಗೇ ಹರಿಯುತ್ತದೆ. ಬೇರೆ ಔಷಧಕ್ಕೆ ಕನಿಷ್ಠ 5 ನಿಮಿಷ ಬಿಡಿ.

ಹನಿಗಿಂತ ಮುಂಚಿನ ಐದು ನಿಮಿಷ ನನಗೆ ಹೆಚ್ಚು ಮುಖ್ಯ ಅನ್ನಿಸಿದೆ. ನಾನು ನಮ್ಮ ಕರುವಿನ ಮಾತು ತೆಗೆಯುತ್ತಿದ್ದೆ. ಕರು ಹಗ್ಗ ಬಿಡಿಸಿಕೊಂಡು ಪಕ್ಕದ ತೋಟಕ್ಕೆ ನುಗ್ಗಿದ್ದನ್ನು ಕೇಳುತ್ತಾ ಅಮ್ಮನ ಹುಬ್ಬು ಸಡಿಲವಾಗುತ್ತಿತ್ತು, ಹಾಗೇ ಹನಿ ಇಳಿಯುತ್ತಿತ್ತು. ನಾಲ್ಕನೇ ದಿನದಿಂದ ಒಂದೂ ವ್ಯರ್ಥವಾಗಲಿಲ್ಲ. ಒಂದು ಸಂಜೆ ಮಾತ್ರ ಬೇರೆ. ಚಿಕ್ಕಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು ಅಂತ ಫೋನ್ ಬಂತು. ಅವತ್ತು ಅದೇ ಮಂಚ, ಅದೇ ಕೈ, ಆದರೂ ಮೂರು ಹನಿ ಕೆನ್ನೆಗೇ ಹೋಯಿತು. ತೆರೆಯಬೇಕಾದ ರೆಪ್ಪೆ ಇನ್ನಷ್ಟು ಹಿಂಡಿಕೊಳ್ಳುತ್ತಿತ್ತು. ಸೀಸೆ ಮುಚ್ಚಿಟ್ಟು, ಅವಳು ಅತ್ತು ಮುಗಿಸುವವರೆಗೆ ಪಕ್ಕದಲ್ಲಿ ಕೂತೆ. ಅರ್ಧ ಗಂಟೆ ತಡವಾಗಿ ಹಾಕಿದೆ, ಸಲೀಸಾಗಿ ಇಳಿಯಿತು. ಅಂಥ ದಿನ ಬಲವಂತ ಮಾಡಬೇಡಿ, ಹನಿಯನ್ನು ಬಿಡಲೂ ಬೇಡಿ.

ಕಣ್ಣು ನೋವು ಹೆಚ್ಚಾದರೆ, ಕೆಂಪೇರುತ್ತಾ ಹೋದರೆ, ಕೀವು ಬಂದರೆ, ದೃಷ್ಟಿ ಮಂಜಾಗತೊಡಗಿದರೆ ಅದನ್ನು ಹೆದರಿಕೆಯ ಲೆಕ್ಕಕ್ಕೆ ಹಾಕದೆ ಅವತ್ತೇ ಡಾಕ್ಟರಿಗೆ ತೋರಿಸಿ.

ಎಡಗಣ್ಣಿನ ಆಪರೇಷನ್ ಯುಗಾದಿ ಕಳೆದ ಮೇಲೆ. ಈ ಸಲ ಮೊದಲೇ ಅಭ್ಯಾಸ ಶುರು ಮಾಡಿದ್ದೇವೆ. ರಾತ್ರಿ ಊಟವಾದ ಮೇಲೆ ಮುಚ್ಚಳ ಹಾಕಿದ ಖಾಲಿ ಸೀಸೆ ಹಿಡಿದು ನಾನು ತಲೆಯ ಪಕ್ಕದಿಂದ ಬರುತ್ತೇನೆ, ಅಮ್ಮ ಕಣ್ಣು ಮುಚ್ಚಿಕೊಂಡು, “ಹೂಂ, ಕರು ಏನು ಮಾಡ್ತು ಹೇಳು” ಅನ್ನುತ್ತಾಳೆ.